ಎರೆ ಹೊಲದ ದಾರಿ: ಗದಗದಿಂದ ಕಲಬುರಗಿಗೆ

ಒಣಬೇಸಾಯದ ಹೊಲ ನೋಡಲು ಡಿಸೆಂಬರ್ ಕೊನೆಯ ವಾರದಷ್ಟು ಒಳ್ಳೆಯ ಕಾಲ ಇನ್ನೊಂದಿಲ್ಲ. ಮಳೆ ಅಕ್ಟೋಬರಿನಲ್ಲೇ ಹಿಂದೆ ಸರಿದಿರುತ್ತದೆ. ಬಿಳಿಜೋಳದ ತೆನೆಗೆ ಹಾಲು ತುಂಬುವ ಹೊತ್ತು, ಕಡಲೆ ಕಾಯಿ ಕಟ್ಟುವ ಹೊತ್ತು, ತೊಗರಿ ಒಣಗುವ ಹೊತ್ತು. ಮೂರೂ ಬದುಕಿರುವುದು ಸೆಪ್ಟೆಂಬರಿನ ಮಳೆಯನ್ನು ಎರೆ, ಅಂದರೆ ಕಪ್ಪು ಮಣ್ಣು ಎಷ್ಟು ಹಿಡಿದಿಟ್ಟಿದೆ ಎಂಬುದರ ಮೇಲೆ. ಒಂದೇ ಮಳೆ ಬಿದ್ದ ಅಕ್ಕಪಕ್ಕದ ಹೊಲಗಳಲ್ಲಿ ಒಂದರ ಜೋಳ ಎದೆಯೆತ್ತರ ನಿಂತು ಇನ್ನೊಂದರದು ಸೊಂಟಕ್ಕೇ ಬಾಡಿದ್ದರೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ, ಬದುವಿನ ಮೇಲೆ ನಿಂತರೆ ಸಾಕು.

ಗದಗದವರೆಗೆ ರೈಲು, ಅಲ್ಲಿಂದ ಬಾಡಿಗೆ ಜೀಪು. ನೆಲದಿಂದ ಎತ್ತರವಿರುವ ಗಾಡಿಯನ್ನೇ ಕೇಳಿ ಪಡೆಯಿರಿ. ಜತೆಗೆ ಒಂದು ಸಲಿಕೆ, ಒಂದು ಗೋಣಿಚೀಲ ಇರಲಿ. ಏಕೆಂಬುದು ಮುಂದೆ ಗೊತ್ತಾಗುತ್ತದೆ.

ಒಂದನೆಯ ದಿನ: ಗದಗ, ರೋಣ, ಗಜೇಂದ್ರಗಡ

ಗದಗದಲ್ಲಿ ಬೆಳಿಗ್ಗೆ ಗಿರ್ಮಿಟ್ಟು, ಬಿಸಿ ಮಿರ್ಚಿ ತಿಂದು ರೋಣದ ರಸ್ತೆ ಹಿಡಿದರೆ ಊರು ದಾಟುತ್ತಲೇ ಎರಡೂ ಬದಿಗೆ ಕಡಲೆ. ಗಿಡ ಮೊಣಕಾಲಿಗೂ ಬರುವುದಿಲ್ಲ. ದೂರದಿಂದ ನೋಡಿದರೆ ಹಸಿರು ಜಮಖಾನೆ ಹಾಸಿದ ಹಾಗೆ. ಎಲೆಯ ಮೇಲಿನ ಹುಳಿ ಕೈಗೆ ಅಂಟುತ್ತದೆ. ಇಲ್ಲಿ ಹೆಚ್ಚಿನವರು ಬಿತ್ತುವುದು ಜೆಜಿ-11 ತಳಿ. ಇಳುವರಿ ಚೆನ್ನ, ಕಾಳಿನ ಗಾತ್ರ ಚೆನ್ನ, ಸೊರಗು ರೋಗವನ್ನು ತಡೆಯುತ್ತದೆ. ಆದರೆ ಗಿಡ ಗಿಡ್ಡ, ಹರಡಿ ಬೆಳೆಯುತ್ತದೆ. ಕಟಾವು ಯಂತ್ರದ ಕತ್ತಿ ನೆಲದಿಂದ ಒಂದು ಗೇಣು ಮೇಲೆ ಓಡುವುದರಿಂದ ಕೆಳಗಿನ ಕಾಯಿ ಹೊಲದಲ್ಲೇ ಉಳಿಯುತ್ತವೆ. ಕೂಲಿಯವರು ಸಿಗದ ಊರುಗಳಲ್ಲಿ ಈಗ ಎನ್‌ಬಿಇಜಿ-47ರಂಥ ನೆಟ್ಟಗೆ ಬೆಳೆಯುವ ತಳಿ ಕೇಳುತ್ತಿದ್ದಾರೆ. ತಳಿ ಬದಲಿಸಿದರೆ ಸಾಲದು. ಬಿತ್ತುವಾಗಲೇ ಹೆಂಟೆ ಒಡೆದು ನೆಲ ಸಮ ಮಾಡಿರಬೇಕು. ಹೆಂಟೆ ಉಳಿದರೆ ಯಂತ್ರದವನು ಕತ್ತಿ ಮೇಲೆತ್ತುತ್ತಾನೆ, ತಳಿ ಬದಲಿಸಿದ್ದರ ಲಾಭ ಅಲ್ಲಿಗೆ ಮುಗಿಯಿತು.

ರೋಣದ ದಾರಿಯಲ್ಲಿ ಕೃಷಿ ಹೊಂಡಗಳು ಸಾಲಾಗಿ ಕಾಣುತ್ತವೆ. 2014-15ರಲ್ಲಿ ಹೊಂಡಕ್ಕೆ ಸರ್ಕಾರದ ಸಹಾಯಧನ ಕೊಡುವ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ತೋಡಿದವೇ ಬಹಳ. ಕೆಲವು ತುಂಬಿವೆ, ಕೆಲವು ಅರ್ಧ, ಕೆಲವುಗಳ ತಳದಲ್ಲಿ ಜಾಲಿ ಬೆಳೆದಿದೆ. ತುಂಬಿದ್ದ ಒಂದರ ದಂಡೆಯಲ್ಲಿ ಜೀಪು ನಿಲ್ಲಿಸಿದಾಗ ಹೊಂಡದ ಯಜಮಾನರು ತುಂತುರು ನೀರಾವರಿಯ ಪೈಪು ಜೋಡಿಸುತ್ತಿದ್ದರು.

"ಯಜಮಾನ್ರ, ಬಾಜೂ ಹೊಲದಾಗಿನ ಹೊಂಡ ಖಾಲಿ ಐತಲ್ರಿ, ಮಳಿ ಇಬ್ಬರಿಗೂ ಒಂದಽ ಬಿದ್ದಿರಬೇಕಲ್ಲ?"

"ಮಳಿ ಒಂದಽ ರೀ. ಅವರು ಹೊಂಡ ತೋಡ್ಯಾರ, ನೀರಿಗೆ ದಾರಿ ಬಿಟ್ಟಿಲ್ಲ."

ಮಾತು ನಿಜ. ಗುಂಡಿ ತೋಡಿಸುವಾಗ ಜೆಸಿಬಿಯವನು ಮಣ್ಣನ್ನು ನಾಲ್ಕೂ ಬದಿಗೆ ಸುರಿದು ಹೋಗುತ್ತಾನೆ. ಆ ದಿಬ್ಬವೇ ಹೊಲದ ನೀರನ್ನು ಹೊಂಡಕ್ಕೆ ಇಳಿಯದಂತೆ ತಡೆಯುತ್ತದೆ. ಇವರ ಹೊಂಡ ಹೊಲದ ತಗ್ಗಿನ ಮೂಲೆಯಲ್ಲಿದೆ, ಮೇಲ್ಬದಿಯಲ್ಲಿ ದಿಬ್ಬವಿಲ್ಲ. ನೀರು ಬರುವ ಬಾಯಿಗೆ ಮೊದಲು ಚಾಪೆಯಗಲದ, ಸೊಂಟದಾಳದ ಹೂಳು ಗುಂಡಿ. ಅದರಿಂದ ಹೊಂಡಕ್ಕೆ ಕಲ್ಲು ಹಾಸಿದ ಇಳಿಜಾರು. ಎದುರು ಮೂಲೆಯಲ್ಲಿ ಕೋಡಿ, ಬಾಯಿಗಿಂತ ಒಂದು ಗೇಣು ಕೆಳಗೆ. ಹೂಳು ಗುಂಡಿಯನ್ನು ಪ್ರತಿ ದೊಡ್ಡ ಮಳೆಯ ನಂತರ ಬಳಿಯಬೇಕು. ಒಂದು ಮಳೆಗಾಲ ಬಿಟ್ಟರೆ ಮಣ್ಣು ನೇರ ಹೊಂಡಕ್ಕೆ ಹೋಗುತ್ತದೆ. ಅದನ್ನು ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಹರಿಯದಂತೆ ತೆಗೆಯುವುದು ಹೊಸ ಹೊಂಡ ತೋಡಿದಷ್ಟೇ ಖರ್ಚು.

ಹೊಂಡದ ಅಳತೆ ಮೇಲೆ 21×21 ಮೀಟರ್, ಆಳ 3 ಮೀಟರ್. ಬದಿಗಳು ಒಂದಕ್ಕೆ ಒಂದರ ಇಳಿಜಾರಿನಲ್ಲಿರುವುದರಿಂದ ತಳ 15×15 ಉಳಿಯುತ್ತದೆ. ಲೆಕ್ಕ ಹಾಕಿದರೆ 981 ಘನ ಮೀಟರ್, ಅಂದರೆ ಸುಮಾರು 9.8 ಲಕ್ಷ ಲೀಟರ್. ಕೇಳಲು ದೊಡ್ಡದು. ಆದರೆ ಒಂದು ಎಕರೆಯ ಮೇಲೆ ಒಂದು ಸೆಂಟಿಮೀಟರ್ ನೀರು ನಿಲ್ಲಿಸಲು 40 ಸಾವಿರ ಲೀಟರ್ ಬೇಕು. ಬಾವಿ ನೀರಿನಂತೆ ಕಾಲುವೆಯಲ್ಲಿ ಹಾಯಿಸಿದರೆ ಎರಡು ಎಕರೆಗೇ ಹೊಂಡ ಬರಿದಾಗಬಹುದು. ಇವರು ಮಾಡುವುದು ಬೇರೆ. 5 ಎಚ್‌ಪಿ ಪಂಪಿಗೆ ಹತ್ತು ತುಂತುರು ಮೂತಿ, ಮೂತಿಯಿಂದ ಮೂತಿಗೆ 12 ಮೀಟರ್. ಒಮ್ಮೆ ಜೋಡಿಸಿದರೆ ಸುಮಾರು 14 ಗುಂಟೆ ತೋಯುತ್ತದೆ, ಮೂರು ತಾಸಿಗೆ 3 ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ನೀರು ಬೀಳುತ್ತದೆ. ಹೀಗೆ ಮೂರು ಸಲ ಪೈಪು ಬದಲಿಸಿದರೆ ಒಂದು ಎಕರೆ. ಐದು ಎಕರೆ ಕಡಲೆಗೆ ಹೂ ಬಿಡುವ ಮುನ್ನ ಒಂದು ನೀರು ಕೊಡಲು ಈ ಹೊಂಡ ಸಾಕು, ಅದರಾಚೆಗೆ ಆಸೆ ಬೇಡ. ಹೂ ತುಂಬಿದಾಗ ಮೇಲಿನಿಂದ ನೀರು ಚಿಮ್ಮಿಸಿದರೆ ಹೂ ಉದುರುತ್ತದೆ, ಗಿಡದ ಹುಳಿಯೂ ತೊಳೆದುಹೋಗುತ್ತದೆ. ಗಾಳಿ ಏಳುವ ಮೊದಲು, ಬೆಳಗಿನ ಜಾವವೇ ಪಂಪು ಹಚ್ಚಬೇಕು. ನೀರು ಮಣ್ಣಿನ ಮೇಲೆ ನಿಲ್ಲತೊಡಗಿದರೆ ಮೂರು ತಾಸು ಆಗದಿದ್ದರೂ ಬಂದ್ ಮಾಡಬೇಕು. ಎರೆ ಮಣ್ಣು ಬಿರುಕು ತುಂಬುವವರೆಗೆ ಬೇಗ ಕುಡಿಯುತ್ತದೆ, ಆಮೇಲೆ ಬಾಯಿ ಮುಚ್ಚುತ್ತದೆ.

ಹಾಳೆಯ ವಿಷಯದಲ್ಲಿ ಜನ ಮೋಸ ಹೋಗುವುದು ದಪ್ಪದಲ್ಲಿ. ಹೊಂಡಕ್ಕೆ 500 ಮೈಕ್ರಾನ್ ಬೇಕು. ತೆಳು ಹಾಳೆ ಎರಡು ಬೇಸಿಗೆಗೆ ಪುಡಿಯಾಗುತ್ತದೆ, ಬಿಸಿಲು ಬೀಳುವ ಮೇಲ್ಬದಿಯಲ್ಲಿ ಮೊದಲು. ಹಾಸುವ ಮುಂಚೆ ಬೇರು, ಕಲ್ಲು ಆಯ್ದು ಬದಿಗಳಿಗೆ ಸೋಸಿದ ಮಣ್ಣು ಮೆತ್ತಬೇಕು. ಅಂಚನ್ನು ಸುತ್ತಲೂ ಮೊಣಕಾಲುದ್ದದ ಕಾಲುವೆಯಲ್ಲಿ ಹೂಳಬೇಕು. ಸೆಳೆದು ಬಿಗಿಯಾಗಿ ಹಾಸಬಾರದು. ಎರೆ ನೆಲ ಒಣಗಿದಾಗ ಬಿರಿಯುತ್ತದೆ, ಸಡಿಲವಿಲ್ಲದ ಹಾಳೆ ಅದರೊಟ್ಟಿಗೆ ಹರಿಯುತ್ತದೆ. ಆಳವಾದ ಎರೆಯಲ್ಲಿ ಹಾಳೆಯಿಲ್ಲದ ಹೊಂಡವೂ ಒಂದೆರಡು ವರ್ಷದಲ್ಲಿ ಹೂಳಿನಿಂದಲೇ ಬಿಗಿಯುತ್ತದೆ. ಕೆಂಪು ಮಸಾರಿಯಲ್ಲಿ ಹಾಳೆಯಿಲ್ಲದೆ ತೋಡುವುದು ವ್ಯರ್ಥ. ಎರಡರಲ್ಲೂ ಆವಿಗೆ ತೆರಿಗೆ ಕಟ್ಟಲೇಬೇಕು. ದಿನಕ್ಕೆ 5 ಮಿಲಿಮೀಟರ್ ಆರಿದರೂ ಇಷ್ಟಗಲದ ಹೊಂಡದಿಂದ 2,200 ಲೀಟರ್ ಹೋಗುತ್ತದೆ. ಹಾಗಾಗಿ ನೀರನ್ನು ಬೇಸಿಗೆಗೆಂದು ಉಳಿಸಿಕೊಳ್ಳುವವರು ಬೆಳೆಯನ್ನೂ ಕಳೆದುಕೊಳ್ಳುತ್ತಾರೆ, ನೀರನ್ನೂ.

ಒಂದು ಮಾತನ್ನು ಒತ್ತಿ ಹೇಳಬೇಕು. ಹಾಳೆ ಹಾಸಿದ ಹೊಂಡಕ್ಕೆ ಬಿದ್ದವರು ಈಜು ಬಂದರೂ ಹತ್ತಿ ಬರಲಾರರು, ಕಾಲು ಜಾರುತ್ತದೆ. ತಂತಿ ಬೇಲಿ, ಬದಿಗೆ ಹಗ್ಗದಲ್ಲಿ ಕಟ್ಟಿ ಇಳಿಬಿಟ್ಟ ಹಳೇ ಟೈರು ಇಲ್ಲದ ಹೊಂಡದ ಹತ್ತಿರ ಮಕ್ಕಳನ್ನು ಬಿಡಬೇಡಿ.

ಗಜೇಂದ್ರಗಡ ಮುಟ್ಟುವಾಗ ಸಂಜೆ. ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿರುತ್ತವೆ, ಚಳಿ ಕಿವಿ ಕಚ್ಚುತ್ತದೆ. ಖಾನಾವಳಿಯಲ್ಲಿ ಬಿಸಿ ರೊಟ್ಟಿ, ಎಣ್ಣೆಗಾಯಿ, ಮಡಕಿಕಾಳಿನ ಪಲ್ಯ, ಮೇಲೆ ಕಡ್ಲಿ ಸೊಪ್ಪನ್ನು ಹಸಿಯಾಗಿಯೇ ಹೆಚ್ಚಿ ಉಳ್ಳಾಗಡ್ಡಿ ಬೆರೆಸಿದ್ದು. ಕಡಲೆಗೆ ಒಂದು ತಿಂಗಳಾದಾಗ ಕುಡಿ ಚಿವುಟುತ್ತಾರಲ್ಲ, ಆ ಸೊಪ್ಪನ್ನು ನೆರಳಲ್ಲಿ ಒಣಗಿಸಿಟ್ಟುಕೊಂಡರೆ ವರ್ಷವಿಡೀ ಪಲ್ಯಕ್ಕೆ ಆಗುತ್ತದೆ. ಚಿವುಟಿದ ಗಿಡ ಪಕ್ಕದ ಟೊಂಗೆ ಹೆಚ್ಚು ಒಡೆದು ಕಾಯಿಯೂ ಹೆಚ್ಚು ಕೊಡುತ್ತದೆ.

ಎರಡನೆಯ ದಿನ: ಇಳಕಲ್, ಹುನಗುಂದ, ಕೂಡಲಸಂಗಮ

ಇಳಕಲ್ ದಾಟಿ ಹುನಗುಂದದ ಸೀಮೆಗೆ ಬಂದರೆ ಒಡ್ಡುಗಳು ಕಾಣತೊಡಗುತ್ತವೆ. ಇಲ್ಲಿನ ಹಳಬರು ಹೊಲದ ತಗ್ಗಿಗೆ ಅಡ್ಡಲಾಗಿ ಆಳೆತ್ತರದ ಮಣ್ಣಿನ ಒಡ್ಡು ಹಾಕಿ, ಅದಕ್ಕೆ ಕಲ್ಲಿನ ಕೋಡಿ ಕಟ್ಟಿದ್ದಾರೆ. ಸಿಮೆಂಟಿಲ್ಲ. ದೊಡ್ಡ ಗುಂಡನ್ನು ಕೆಳಗೆ, ಚಪ್ಪಟೆ ಕಲ್ಲನ್ನು ಮೇಲೆ ಇಟ್ಟು ಮೆಟ್ಟಿಲಿನಂತೆ ಇಳಿಸಿದ ಕಟ್ಟಡ. ಮಳೆನೀರು ಒಡ್ಡಿನ ಹಿಂದೆ ಒಂದೆರಡು ದಿನ ನಿಂತು ಮೇಲ್ಮಣ್ಣನ್ನು ಇಳಿಸಿ, ತಿಳಿಯಾದದ್ದು ಮಾತ್ರ ಕೆಳಗಿನ ಹೊಲಕ್ಕೆ ಹೋಗುತ್ತದೆ. ವರ್ಷ ವರ್ಷ ಮಣ್ಣು ಕೂತು ಒಡ್ಡಿನ ಹಿಂದಿನ ನೆಲ ತಾನೇ ಸಮವಾಗಿದೆ. ಕೋಡಿಯ ಒಂದು ಕಲ್ಲು ಕಿತ್ತುಬಂದರೆ ಮುಂದಿನ ಮಳೆಯೊಳಗೆ ಕೂರಿಸಬೇಕು. ತಡಮಾಡಿದರೆ ಒಡ್ಡೇ ಕೊಚ್ಚಿ ಕೆಳಗಿನವರ ಹೊಲಕ್ಕೂ ಗುಂಡಿ ಬೀಳುತ್ತದೆ. ದುರಸ್ತಿ ಯಾರದು ಎಂದು ಅಣ್ಣತಮ್ಮಂದಿರು ಪಾಲಾದ ಮೇಲೆ ಜಗಳ ಬಿದ್ದು ಒಡೆದ ಒಡ್ಡುಗಳು ರಸ್ತೆಯಿಂದಲೇ ಕಾಣುತ್ತವೆ.

ಇದೇ ತಾಲೂಕಿನಲ್ಲಿ ಹೊಸ ಕಾಲದ ದೊಡ್ಡ ಪ್ರಯೋಗವೂ ಇದೆ: ರಾಮಥಾಳ (ಮರೋಳ) ಹನಿ ನೀರಾವರಿ ಯೋಜನೆ. ನಾರಾಯಣಪುರ ಜಲಾಶಯದ ಹಿನ್ನೀರನ್ನು ಎತ್ತಿ, ಸೋಸಿ, ನೆಲದೊಳಗಿನ ಕೊಳವೆಗಳಲ್ಲಿ 24,000 ಹೆಕ್ಟೇರಿಗೆ ಹೊಲದ ಅಂಚಿನವರೆಗೆ ಒಯ್ಯುವ ಏರ್ಪಾಡು. ಕಾಲುವೆಯಲ್ಲಿ ಹರಿಸಿದ್ದರೆ ಇದೇ ನೀರು ಇದಕ್ಕಿಂತ ಬಹಳ ಕಡಿಮೆ ನೆಲಕ್ಕೆ ಮುಗಿಯುತ್ತಿತ್ತು, ಎರೆ ನೆಲದಲ್ಲಿ ಸವಳು (ಉಪ್ಪು) ಏಳುವ ಭಯ ಬೇರೆ.

ಎರೆಯಲ್ಲಿ ಹನಿ ನೀರಾವರಿ ಎಲ್ಲಿ ಹಾಕಿದರೂ ಕೆಡುವುದು ಕೊನೆಯ ನೂರು ಮೀಟರಿನಲ್ಲಿ. ಪಂಪು, ದೊಡ್ಡ ಕೊಳವೆಗಳಿಗೆ ನೋಡಿಕೊಳ್ಳುವವರು ಇರುತ್ತಾರೆ. 16 ಮಿಲಿಮೀಟರಿನ ಕರಿ ಪೈಪನ್ನು ನೋಡಿಕೊಳ್ಳಬೇಕಾದವನು ರೈತ. ಹಿಂಗಾರಿಗೆ ನೆಲ ಹದ ಮಾಡಬೇಕೆಂದರೆ ಪೈಪು ಸುತ್ತಿ ತೆಗೆಯಬೇಕು, ಬಿತ್ತಿದ ಮೇಲೆ ಮತ್ತೆ ಬಿಡಿಸಬೇಕು. ಸಾಲಿನ ನಡುವೆ ಕಳೆ ತೆಗೆಯಲು ಎಡೆಕುಂಟೆ ಹೊಡೆಯುವಾಗ ಎತ್ತು ಒಂದು ಹೆಜ್ಜೆ ತಪ್ಪಿದರೆ ಕುಂಟೆಯ ಕುಡ (ಅಲಗು) ಪೈಪಿಗೆ ಬಡಿಯುತ್ತದೆ. ಇಲಿ ಬೇಸಿಗೆಯಲ್ಲಿ ನೀರಿನಾಸೆಗೆ ಕಡಿಯುತ್ತದೆ. ಬದುವಿನ ಮೇಲೆ ಅಲ್ಲಲ್ಲಿ ಮಡಕೆ ಚೂರಿನಲ್ಲಿ ನೀರಿಟ್ಟರೆ ಕಡಿತ ಕಡಿಮೆಯಾಗುತ್ತದೆ ಎಂದು ಮೆಣಸಿನಕಾಯಿ ಹೊಲದ ಅಕ್ಕ ಒಬ್ಬರು ತೋರಿಸಿದರು. ಅವರ ಹೊಲದಲ್ಲಿ ಐದಾರು ಚೂರುಗಳಿದ್ದವು.

ಪೈಪು ಕಟ್ಟಿಕೊಂಡಿದೆಯೇ ಎಂದು ನೋಡಲು ಯಾವ ಮೀಟರೂ ಬೇಡ. ತಾಸಿಗೆ 4 ಲೀಟರ್ ಹನಿಸುವ ರಂಧ್ರದ ಕೆಳಗೆ ಒಂದು ಲೀಟರಿನ ಬಾಟಲಿ ಹೂತರೆ ಕಾಲು ತಾಸಿಗೆ ತುಂಬಬೇಕು. ಪೈಪಿನ ತಲೆಯಲ್ಲಿ ಒಂದು, ನಡುವೆ ಒಂದು, ಬಾಲದಲ್ಲಿ ಒಂದು ಇಟ್ಟು ನೋಡಿ. ಬಾಲದ್ದು ಮುಕ್ಕಾಲೂ ತುಂಬದಿದ್ದರೆ ಪೈಪು ಉದ್ದವಾಗಿದೆ (60-70 ಮೀಟರಿಗಿಂತ ಹೆಚ್ಚು ಎಳೆಯಬಾರದು), ಇಲ್ಲವೆ ಒತ್ತಡ ಕಡಿಮೆ, ಇಲ್ಲವೆ ಕೊನೆಯಲ್ಲಿ ಹೂಳು ಕೂತಿದೆ. ಮೂರೂ ಬಾಟಲಿ ಒಂದೊಂದು ತರಹ ತುಂಬಿದರೆ ಸುಣ್ಣ. ಈ ಸೀಮೆಯ ಬೋರಿನ ನೀರು ಗಡಸು. ರಂಧ್ರದ ಬಾಯಿಗೆ ಬಿಳಿ ಪೊರೆ ಕಟ್ಟುತ್ತದೆ. ಅದಕ್ಕೆ ಆಮ್ಲ ಚಿಕಿತ್ಸೆ: ಹೈಡ್ರೋಕ್ಲೋರಿಕ್ ಆಮ್ಲವನ್ನು ಕೊನೆಯ ರಂಧ್ರದ ನೀರು ರಸಸಾರ (ಪಿಎಚ್) 4ಕ್ಕೆ ಇಳಿಯುವಷ್ಟು ಬಿಟ್ಟು, ಪಂಪು ನಿಲ್ಲಿಸಿ ಒಂದು ದಿನ ಹಾಗೇ ಇರಿಸಿ, ಮರುದಿನ ಪೈಪಿನ ತುದಿ ಬಿಚ್ಚಿ ನೀರು ತಿಳಿಯಾಗುವವರೆಗೆ ಹರಿಸಬೇಕು. ಆಮ್ಲವನ್ನು ನೀರಿಗೆ ಸುರಿಯಬೇಕು, ಆಮ್ಲಕ್ಕೆ ನೀರು ಹೊಯ್ಯಬಾರದು. ಪಾಚಿಗೆಂದು ಬ್ಲೀಚಿಂಗ್ ಪುಡಿ ಬಿಡುವವರು ಅದನ್ನು ಬೇರೆ ದಿನ ಬಿಡಬೇಕು. ಎರಡೂ ಕೂಡಿದರೆ ಉಸಿರು ಕಟ್ಟಿಸುವ ಗಾಳಿ ಏಳುತ್ತದೆ.

ಗೊಬ್ಬರ ಬಿಡುವವರದು ಇನ್ನೊಂದು ತಪ್ಪು. ಕ್ಯಾಲ್ಸಿಯಂ ನೈಟ್ರೇಟನ್ನೂ ರಂಜಕದ ಗೊಬ್ಬರವನ್ನೂ ಒಂದೇ ಬಕೆಟಿನಲ್ಲಿ ಕಲೆಸುತ್ತಾರೆ, ಅದು ಮೊಸರೊಡೆದ ಹಾಗಾಗಿ ನೀರು ಸೋಸುವ ಜಾಲರಿಯನ್ನು ಮುಚ್ಚುತ್ತದೆ. ಮೊದಲು ಕಾಲು ತಾಸು ಬರಿ ನೀರು, ನಡುವೆ ಗೊಬ್ಬರ, ಕೊನೆಗೆ ಮತ್ತೆ ಬರಿ ನೀರು.

ಇಷ್ಟೆಲ್ಲ ಶ್ರಮ ಯಾವ ಬೆಳೆಗೆ ಎಂಬುದು ಮುಖ್ಯ ಪ್ರಶ್ನೆ. ಮೆಣಸಿನಕಾಯಿ, ಉಳ್ಳಾಗಡ್ಡಿ, ಹತ್ತಿ, ದಾಳಿಂಬೆಗೆ ಹನಿ ನೀರಾವರಿ ದುಡ್ಡು ತಿರುಗಿಸಿ ಕೊಡುತ್ತದೆ. ಒಂದೂವರೆ ಅಡಿ ಸಾಲಿನ ಜೋಳಕ್ಕೆ ಪೈಪು ಹಾಸುವುದು ಮೂಗಿಗಿಂತ ಮೂಗುತಿ ಭಾರ ಆದಂತೆ.

ಮಧ್ಯಾಹ್ನ ಅಮೀನಗಡಕ್ಕೆ ಹೋಗಿ ಕರದಂಟು ಕಟ್ಟಿಸಿಕೊಂಡು ಬರುವಾಗ ಟೈರಿಗೆ ಜಾಲಿ ಮುಳ್ಳು ಚುಚ್ಚಿತು. ಪಂಕ್ಚರ್ ಅಂಗಡಿಯ ಹುಡುಗ ಮುಳ್ಳು ಕಿತ್ತು ಕೈಯಲ್ಲಿಟ್ಟು, "ಇದು ನಮ್ಮ ಊರಿನ ಪೀಕು ನೋಡ್ರಿ ಸರ, ಮಳಿ ಬೇಕಿಲ್ಲ, ಗೊಬ್ಬರ ಬೇಕಿಲ್ಲ" ಎಂದ. ಕೂಡಲಸಂಗಮದಲ್ಲಿ ಕೃಷ್ಣೆಗೆ ಮಲಪ್ರಭೆ ಸೇರುವ ಕಡೆ ನೀರು ಸಮುದ್ರದ ಹಾಗೆ ನಿಂತಿದೆ. ದಾಸೋಹದ ಊಟ ಮುಗಿಸಿ ರಾತ್ರಿ ಅಲ್ಲೇ ವಸ್ತಿ.

ಮೂರನೆಯ ದಿನ: ನಿಡಗುಂದಿ, ವಿಜಯಪುರ

ನಿಡಗುಂದಿ ದಾಟಿದ ಮೇಲೆ ಕಾಲುವೆಯ ಹಸಿರು ತೆಳುವಾಗಿ ವಿಜಯಪುರದ ಬಯಲು ತೆರೆದುಕೊಳ್ಳುತ್ತದೆ. ವರ್ಷದ ಮಳೆ 600 ಮಿಲಿಮೀಟರಿನ ಆಸುಪಾಸು, ಅದರಲ್ಲೂ ಸೆಪ್ಟೆಂಬರಿನದೇ ದೊಡ್ಡ ಪಾಲು. ಒಣಬೇಸಾಯದ ಸಂಶೋಧನೆ ಇಲ್ಲಿ 1930ರ ದಶಕದಲ್ಲೇ ಮೊದಲಾಯಿತು. ಸೊಲ್ಲಾಪುರ, ವಿಜಯಪುರ, ಹಗರಿ, ರಾಯಚೂರು, ರೋಹ್ತಕ್ ಎಂದು ಐದು ಕೇಂದ್ರ ತೆರೆದರು. ಆಗ ಹೊರಬಂದ 'ಮುಂಬಯಿ ಒಣಬೇಸಾಯ ಪದ್ಧತಿ' ಸರಳ: ಒಡ್ಡು ಹಾಕು, ಮೂರು ವರ್ಷಕ್ಕೊಮ್ಮೆ ಆಳ ಉಳುಮೆ ಮಾಡು, ತಿಪ್ಪೆಗೊಬ್ಬರ ಹಾಕು, ಬೀಜ ಕಡಿಮೆ, ಸಾಲು ದೂರ, ಎಡೆ ಪದೇ ಪದೇ. ಹಿಟ್ಟಿನಹಳ್ಳಿಯ ಪ್ರಾದೇಶಿಕ ಕೃಷಿ ಸಂಶೋಧನಾ ಕೇಂದ್ರದ ಸುತ್ತಲ ಹೊಲಗಳಲ್ಲಿ ಇವತ್ತಿಗೂ ಗೆಲ್ಲುತ್ತಿರುವುದು ಅದೇ ಪಾಠ, ಸಾಧನ ಮಾತ್ರ ಬದಲಾಗಿವೆ.

ಈ ದಿನದ ಹೆಚ್ಚಿನ ಹೊತ್ತು ಹೋದದ್ದು ಚೌಕು ಮಡಿಯ ಹೊಲದಲ್ಲಿ. ಈಗ ಮಡಿ ಕಾಣುವುದಿಲ್ಲ, ಜೋಳ ಕಾಣುತ್ತದೆ. ಹಿಂಗಾರಿ ಹೊಲ ಜೂನಿನಿಂದ ಸೆಪ್ಟೆಂಬರ್‌ವರೆಗೆ ಖಾಲಿ ಇರುತ್ತದಲ್ಲ, ಆಗ ಒಮ್ಮೆ ಹರಗಿ, ಒಡ್ಡು ಎತ್ತುವ ಸಾಧನವನ್ನು ಎತ್ತಿಗೋ ಟ್ರ್ಯಾಕ್ಟರಿಗೋ ಕಟ್ಟಿ ಉದ್ದಕ್ಕೂ ಅಡ್ಡಕ್ಕೂ ಓಡಿಸುತ್ತಾರೆ. ಗೇಣು ಎತ್ತರದ ದಿಂಡಿನ ಚೌಕಗಳು ಏಳುತ್ತವೆ. ಇಳಿಜಾರು ಹೆಚ್ಚಿದ್ದಲ್ಲಿ 3×3 ಮೀಟರ್, ಸಮ ನೆಲದಲ್ಲಿ 4.5×4.5 ಅಥವಾ ಇನ್ನೂ ಸ್ವಲ್ಪ ದೊಡ್ಡದು. ಅಡ್ಡ ಓಡಿಸುವಾಗ ಮೊದಲ ದಿಂಡು ಪ್ರತಿ ಕೂಡಿನಲ್ಲೂ ಒಡೆಯುತ್ತದೆ; ಹಿಂದಿನಿಂದ ಸಲಿಕೆ ಹಿಡಿದವನೊಬ್ಬ ಆ ಬಾಯಿಗಳನ್ನು ಮುಚ್ಚುತ್ತ ಬರಬೇಕು. ಕೂಲಿ ಉಳಿಸಲು ಇದನ್ನು ಬಿಟ್ಟ ಹೊಲದಲ್ಲಿ ನೀರು ಚೌಕದಿಂದ ಚೌಕಕ್ಕೆ ಇಳಿದು ತಗ್ಗಿನ ಸಾಲನ್ನು ಒಡೆದು ಹೋಗುತ್ತದೆ, ಮಾಡಿದ ಕೆಲಸವೆಲ್ಲ ನೀರುಪಾಲು. ಇಳಿಜಾರು ತೀರ ಹೆಚ್ಚಿರುವ ಹೊಲಕ್ಕೆ ಇದು ಹೊಂದುವುದಿಲ್ಲ, ಅಲ್ಲಿ ಅಡ್ಡ ಒಡ್ಡೇ ಸರಿ. ಸೆಪ್ಟೆಂಬರಿನಲ್ಲಿ ಹದ ಬಂದಾಗ ಕುಂಟೆಯಿಂದ ದಿಂಡು ಒಡೆದು ಬಿತ್ತುತ್ತಾರೆ.

ಒಂದು ಮೀಟರ್ ಆಳದ ಎರೆ ಮಣ್ಣು ಬೆಳೆಗೆ ಸಿಗುವಂತೆ 150ರಿಂದ 200 ಮಿಲಿಮೀಟರ್ ನೀರು ಹಿಡಿಯುತ್ತದೆ. ಎಕರೆಗೆ ಲೆಕ್ಕ ಹಾಕಿದರೆ 6ರಿಂದ 8 ಲಕ್ಷ ಲೀಟರ್, ಅಂದರೆ ನಿನ್ನೆ ಮೊನ್ನೆ ನೋಡಿದ ಹೊಂಡದ ಬಹುಪಾಲು ಪ್ರತಿ ಎಕರೆಯ ಮಣ್ಣಿನೊಳಗೇ ಇದೆ. ಹಾಳೆ ಬೇಡ, ಬೇಲಿ ಬೇಡ, ಡೀಸೆಲ್ ಬೇಡ. ಸಹಾಯಧನ ಕೊಡುವವರಿಗೂ ಪಡೆಯುವವರಿಗೂ ಗುಂಡಿ ಕಣ್ಣಿಗೆ ಕಾಣುತ್ತದೆ, ಮಣ್ಣಿನೊಳಗಿನ ನೀರು ಕಾಣುವುದಿಲ್ಲ. ಚೌಕು ಮಡಿ ಹಿಂದೆ ಬಿದ್ದಿರುವುದಕ್ಕೆ ಬೇರೆ ಕಾರಣ ತೋರುವುದಿಲ್ಲ.

ಹೊಲದ ಅಜ್ಜ ಬೆರಳುಗಾತ್ರದ ಕಬ್ಬಿಣದ ಸರಳನ್ನು ಜೋಳದ ಸಾಲಿನ ನಡುವೆ ಊರಿ ತೋರಿಸಿದರು. ಮಡಿ ಕಟ್ಟಿದ ಕಡೆ ಮೊಳಕೈ ಮೀರಿ ಇಳಿಯಿತು. ಬದುವಿನಾಚೆ ಮಡಿ ಕಟ್ಟದ ಹೊಲದಲ್ಲಿ ಗೇಣಿಗೇ ನಿಂತಿತು.

"ಸರಳ ಎಲ್ಲಿ ನಿಲ್ತದ, ಬೇರೂ ಅಲ್ಲೇ ನಿಲ್ತದ ತಮ್ಮಾ."

"ಯಜ್ಜಾ, ಮೀಟರ್ ಹಚ್ಚಿ ನೋಡ್ತಾರಲ್ರಿ ಈಗ, ಹಸಿ ಎಷ್ಟದ ಅಂತ?"

"ಹಚ್ಚಿದ್ರು ಒಬ್ರು. ನೆಲಾ ಬಿರೀತು, ಅದರಾಗ ಗಾಳಿ ಹೊಕ್ತು, ಸುಳ್ಳ ಹೇಳಾಕ ಹತ್ತಿತು."

ಅಜ್ಜ ಹೇಳಿದ್ದು ಟೆನ್ಸಿಯೋಮೀಟರಿನ ಗುಣವೇ. ಅದರ ಮಣ್ಣಿನ ಬಟ್ಟಲು ನೆಲಕ್ಕೆ ಅಂಟಿಕೊಂಡಿರಬೇಕು. ಎರೆ ಒಣಗಿ ಬಿರಿದಾಗ ಅಂಟು ಬಿಟ್ಟು ಗಾಳಿ ಒಳಸೇರುತ್ತದೆ. ತರಕಾರಿಯ ಹಸಿ ಮಡಿಗೆ ಅದು ಸರಿ, ಹಿಂಗಾರಿ ಜೋಳಕ್ಕೆ ಸರಳೇ ಸಾಕು.

ಬಿತ್ತನೆಯ ವಿವರ ಅಜ್ಜನ ಮಗನಿಂದ. ತಳಿ ಎಂ 35-1, ಜನರ ಬಾಯಲ್ಲಿ ಮಾಲದಂಡಿ. ಇತ್ತೀಚೆಗೆ ವಿಜಯಪುರ ಕೇಂದ್ರದ ಬಿಜೆವಿ-44 ಸಹ. ಎಕರೆಗೆ 3 ಕಿಲೋ ಬೀಜ. ಒಂದು ಲೀಟರ್ ನೀರಿಗೆ 20 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿ ಅದರಲ್ಲಿ 8 ತಾಸು ನೆನೆಸಿ, ನೆರಳಲ್ಲಿ ಮೊದಲಿನ ತೂಕಕ್ಕೆ ಬರುವವರೆಗೆ ಆರಿಸಬೇಕು. ಬಿಸಿಲಿಗೆ ಹರವಿದರೆ ಬೀಜ ಸೀಳುತ್ತದೆ, ಅರ್ಧ ಆರಿಸಿ ಚೀಲಕ್ಕೆ ತುಂಬಿದರೆ ಮೊಳೆಯುತ್ತದೆ. ಆರಿದ ಮೇಲೆ ಕಿಲೋಗೆ 4 ಗ್ರಾಂ ಗಂಧಕದ ಪುಡಿ, ಕಾಡಿಗೆ ರೋಗಕ್ಕೆ. ಸಾಲು 45 ಸೆಂಟಿಮೀಟರ್, ಬೀಜ ಹಸಿ ಇರುವ ಆಳಕ್ಕೆ, 5 ಸೆಂಟಿಮೀಟರಿಗೆ ಕಡಿಮೆಯಿಲ್ಲದಂತೆ. ಟ್ರ್ಯಾಕ್ಟರ್ ಕೂರಿಗೆಯಲ್ಲಿ ಬೀಜಕ್ಕೂ ಗೊಬ್ಬರಕ್ಕೂ ಬೇರೆ ಬೇರೆ ಕೊಳವೆ ಇರುವುದನ್ನೇ ಹಿಡಿಯಬೇಕು; ಯೂರಿಯಾವನ್ನು ಬೀಜದ ಜತೆ ಬೆರೆಸಿ ಸುರಿದವರ ಸಾಲಿನಲ್ಲಿ ಮೊಳಕೆ ಸುಟ್ಟು ಬೋಳು ಬೀಳುತ್ತದೆ.

ಆಮೇಲೆ ಎಡೆ. ಬಿತ್ತಿದ 3, 5, 8ನೇ ವಾರ. ಮೊದಲೆರಡು ಕಳೆಗೆ, ಮೂರನೆಯದು ಬಿರುಕಿಗೆ. ಬಿರುಕು ಬಿಟ್ಟ ನೆಲ ಬೇರನ್ನೂ ಹರಿಯುತ್ತದೆ, ಆಳದ ಹಸಿಯನ್ನೂ ಆರಿಸುತ್ತದೆ. ಕುಂಟೆ ಹೊಡೆದಾಗ ಪುಡಿ ಮಣ್ಣು ಬಿರುಕಿಗೆ ಇಳಿದು ಮೇಲೆ ಒಣ ಹೊದಿಕೆಯಾಗುತ್ತದೆ. ಆ ಮೂರನೆಯ ಎಡೆಯನ್ನೇ ಜನ ಬಿಡುವುದು, ಕಳೆ ಇಲ್ಲವಲ್ಲ ಎಂದು. ಬಿಟ್ಟ ಹೊಲ ಜನವರಿಯಲ್ಲಿ ಗೊತ್ತಾಗುತ್ತದೆ. ಕಾಳು ತುಂಬುವಾಗ ಹಸಿ ಮುಗಿದ ಗಿಡಕ್ಕೆ ಇದ್ದಿಲು ಕೊಳೆ ತಗಲಿ, ದಂಟಿನ ಬುಡ ಟೊಳ್ಳಾಗಿ ಹೊಲವೆಲ್ಲ ಮಗ್ಗುಲಾಗುತ್ತದೆ. ಬಿದ್ದ ದಂಟನ್ನು ಸೀಳಿದರೆ ಒಳಗೆ ಇದ್ದಿಲು ಪುಡಿ ಉದುರಿಸಿದಂಥ ಕಪ್ಪು ಚುಕ್ಕೆಗಳು. ಔಷಧಿ ಹೊಡೆದು ಎಬ್ಬಿಸಲಾಗದು. ಅದರ ಔಷಧಿ ಜೂನಿನ ಮಡಿ, ನವೆಂಬರಿನ ಎಡೆ.

ಸಂಜೆ ಹಾಲ್ದುಂಬಿದ ತೆನೆಗಳನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಗೋಣಿಯ ಮೇಲೆ ತಿಕ್ಕಿ ಸೀತನಿ ಮಾಡಿಕೊಟ್ಟರು. ಶೇಂಗಾ ಹಿಂಡಿ, ಬೆಲ್ಲ, ಮೊಸರು. ಬಾಯಲ್ಲಿ ಇನ್ನೂ ರುಚಿ ಇರುವಾಗಲೇ ಮೂಡಣದಲ್ಲಿ ಮೋಡ ಕಟ್ಟಿತು. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತವಂತೆ. ಅಜ್ಜನ ಮಗ ಫೋನಿನಲ್ಲಿ ಮೇಘದೂತ ಆ್ಯಪ್ ತೆರೆದು ನೋಡಿದ. ತುಂತುರು ಮಳೆಯ ಮುನ್ಸೂಚನೆ ಎರಡು ದಿನ ಮೊದಲೇ ಬಂದಿತ್ತು. ಜೋಳಕ್ಕೆ ಈ ಮಳೆ ಅರ್ಧ ಲಾಭ, ಕಾಳು ಬಲಿತ ಮೇಲೆ ತೋಯ್ದರೆ ಮಾತ್ರ ಬಿಳುಪು ಹೋಗಿ ದರ ಬೀಳುತ್ತದೆ. ತಿಕೋಟಾ ಕಡೆಯ ದ್ರಾಕ್ಷಿಯವರಿಗೆ ಆ ರಾತ್ರಿ ನಿದ್ದೆಯಿಲ್ಲ.

ಮಳೆ ಬಿದ್ದದ್ದು ಹದಿನೈದು ನಿಮಿಷ. ಜೀಪು ಹುಗಿಯಲು ಅಷ್ಟೇ ಸಾಕಾಯಿತು. ಎರೆ ಮಣ್ಣು ಟೈರಿಗೆ ಮೆತ್ತಿ ಮಡ್‌ಗಾರ್ಡ್ ತುಂಬಿದರೆ ಚಕ್ರ ತಿರುಗುವುದೇ ಇಲ್ಲ. ವೇಗ ಕೊಟ್ಟಷ್ಟೂ ಕೆಳಗಿಳಿಯುತ್ತದೆ. ಸಲಿಕೆಯಿಂದ ಮಣ್ಣು ಕೆರೆದು, ಗೋಣಿಚೀಲ, ಜೋಳದ ಕಣಿಕೆ ಚಕ್ರದಡಿ ಹಾಸಿ, ಟೈರಿನ ಗಾಳಿ ಸ್ವಲ್ಪ ಇಳಿಸಿ, ಕೊನೆಗೆ ಅಜ್ಜನ ಜೋಡೆತ್ತು ಕಟ್ಟಿ ಎಳೆಸಬೇಕಾಯಿತು.

ನಾಲ್ಕನೆಯ ದಿನ: ಸಿಂದಗಿ, ಜೇವರ್ಗಿ, ಕಲಬುರಗಿ

ಅಂದು ಎಳ್ಳಮಾವಾಸ್ಯೆ. ಸಿಂದಗಿಯಿಂದ ಮುಂದೆ ರಸ್ತೆಯ ತುಂಬ ಎತ್ತಿನ ಗಾಡಿ, ಟ್ರ್ಯಾಕ್ಟರ್, ತಲೆಯ ಮೇಲೆ ಬುತ್ತಿ ಗಂಟು. ಎಲ್ಲರೂ ಚರಗ (ಭೂಮಿತಾಯಿಗೆ ನೈವೇದ್ಯ) ಚೆಲ್ಲಲು ಹೊಲಕ್ಕೆ. ಹಿಂದಿನ ದಿನದ ಪಾಠ ನೆನಪಿದ್ದುದರಿಂದ ಜೀಪು ಡಾಂಬರು ಬಿಟ್ಟು ಇಳಿಯಲಿಲ್ಲ. ಜೇವರ್ಗಿ ದಾಟಿ ಭೀಮೆಯ ಸೇತುವೆ ಕಳೆದರೆ ಕಲಬುರಗಿಯ ತೊಗರಿ ಸೀಮೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಬೇಳೆ ಇದೇ.

ಒಂದು ಹೊಲದಲ್ಲಿ ಬುತ್ತಿ ಬಿಚ್ಚಿದ್ದ ಮನೆಯವರು ಕರೆದು ಕೂರಿಸಿದರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಸಜ್ಜೆ ಕಡುಬು, ಸೊಪ್ಪು ಕಾಳು ತರಕಾರಿ ಎಲ್ಲ ಬಿದ್ದ ಭಜ್ಜಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ. ಊಟದ ಹಿಂದೆಯೇ ತೊಗರಿಯ ಎರಡು ಹೊಲ: ಒಂದು ಬಿತ್ತಿದ್ದು, ಒಂದು ನಾಟಿ ಮಾಡಿದ್ದು. ನಾಟಿಯದರ ಗಿಡ ತೋಳಗಲದ ಕೊಡೆಯಂತೆ ಹರಡಿ ಕಾಯಿ ಜೋತಾಡುತ್ತಿತ್ತು.

"ಅಣ್ಣಾರ, ನಾಟಿಗಿ ಖರ್ಚ ಭಾಳ ಬರ್ತದಲ್ರಿ?"

"ಬರ್ತದ್ರೀ. ಚೀಲಾ, ಮಣ್ಣು, ಆಳು. ಖರೆ ಬೀಜ ಅರ್ಧ ಕಿಲೋದಾಗ ಆಗ್ತದ. ಮಳಿ ಹದಿನೈದ ದಿನ ತಡಾ ಆದ್ರೂ ನಮ್ದು ತಡಾ ಆಗಂಗಿಲ್ಲ ನೋಡ್ರಿ."

ಕೊನೆಯ ಮಾತೇ ನಾಟಿಯ ಜೀವಾಳ. ಮೇ ಮಧ್ಯದಲ್ಲಿ ಮಣ್ಣು, ಎರೆಹುಳು ಗೊಬ್ಬರ ಬೆರೆಸಿ ತುಂಬಿದ ಸಣ್ಣ ಪ್ಲಾಸ್ಟಿಕ್ ಚೀಲಗಳಲ್ಲಿ ಎರಡೆರಡು ಬೀಜ ಊರಿ, ಜಾಲರಿಯ ನೆರಳಲ್ಲಿ ಬೆಳೆಸಿ, 25-30 ದಿನದ ಸಸಿಯನ್ನು ಮೊದಲ ಹದ ಮಳೆಗೆ ನೆಡುತ್ತಾರೆ. ಮುಂಗಾರು ತಡವಾದರೂ ಬೆಳೆಯ ವಯಸ್ಸು ನಷ್ಟವಾಗುವುದಿಲ್ಲ. ಸಾಲಿಂದ ಸಾಲಿಗೆ 5 ಅಡಿ, ಗಿಡದಿಂದ ಗಿಡಕ್ಕೆ 3 ಅಡಿ ಇಟ್ಟರೆ ಎಕರೆಗೆ 2,900 ಸಸಿ. ಕೆಡುವುದು ಎಲ್ಲಿ ಎಂದರೆ, ಮಳೆ ಇನ್ನೂ ಬರಲಿಲ್ಲವೆಂದು ಸಸಿಯನ್ನು 45 ದಿನ ಚೀಲದಲ್ಲೇ ಇಟ್ಟುಕೊಂಡಾಗ. ತಾಯಿಬೇರು ತಳ ಮುಟ್ಟಿ ಸುತ್ತಿಕೊಳ್ಳುತ್ತದೆ. ಅಂಥ ಗಿಡ ಮುಂದೆ ಆಳಕ್ಕೆ ಇಳಿಯದೆ ನವೆಂಬರಿನಲ್ಲಿ ಬಾಡುತ್ತದೆ. ನೆಡುವಾಗ ಚೀಲ ಹರಿಯದೆ ಹಾಗೇ ಹೂಳುವ ಕೂಲಿಯವರ ಮೇಲೂ ಕಣ್ಣಿಡಬೇಕು.

ನೆಟ್ಟು ಮೂರು ನಾಲ್ಕು ವಾರಕ್ಕೆ ಕುಡಿ ಕತ್ತರಿಸುತ್ತಾರೆ. ಬೆನ್ನಿಗೆ 12 ವೋಲ್ಟ್ ಬ್ಯಾಟರಿ, ಕೈಯಲ್ಲಿ ಕೋಲು, ಅದರ ತುದಿಗೆ ಗಿರಗಿರ ತಿರುಗುವ ಬ್ಲೇಡು. ಮೇಲಿನ ಎರಡು ಅಂಗುಲ ಎಳೆ ಕುಡಿಯಷ್ಟೇ ಹೋಗಬೇಕು. ಗಟ್ಟಿ ಕಾಂಡಕ್ಕೆ ಇಳಿದರೆ ಟೊಂಗೆ ಒಡೆಯುವುದು ನಿಧಾನ, ಮೊಗ್ಗು ಕಂಡ ಮೇಲೆ ಕತ್ತರಿಸಿದರೆ ಹೂವೇ ತಡ. ಬ್ಲೇಡು ಮೊಂಡಾಗಿದ್ದರೆ ಕತ್ತರಿಸದೆ ಸಿಗಿಯುತ್ತದೆ, ಆ ಗಾಯಕ್ಕೆ ರೋಗ ಕೂರುತ್ತದೆ.

ಹೂವಿನ ಕಾಲಕ್ಕೆ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಪಲ್ಸ್ ಮ್ಯಾಜಿಕ್ ಎಂಬ ಪೋಷಕಾಂಶದ ಪುಡಿ ಸಿಂಪಡಿಸುತ್ತಾರೆ: ಲೀಟರ್ ನೀರಿಗೆ 10 ಗ್ರಾಂ, ಎಕರೆಗೆ 2 ಕಿಲೋ, ಅರ್ಧ ಹೂ ಬಂದಾಗ ಒಮ್ಮೆ, 15 ದಿನ ಬಿಟ್ಟು ಇನ್ನೊಮ್ಮೆ. ಹೂ ಉದುರುವುದು ಕಡಿಮೆಯಾಗುತ್ತದೆ. ಆ ಹೊತ್ತಿಗೆ ತೊಗರಿ ಆಳೆತ್ತರ. ಬೆನ್ನಿಗೆ ಪಂಪು ಕಟ್ಟಿಕೊಂಡವನು ಒಳಗೆ ಹೊಕ್ಕರೆ ಟೊಂಗೆ ಮುರಿಯುತ್ತದೆ, ಔಷಧಿ ಅವನ ಮುಖಕ್ಕೇ ಬೀಳುತ್ತದೆ. ಒಣಬೇಸಾಯದಲ್ಲಿ ಡ್ರೋನಿಗೆ ನಿಜವಾದ ಕೆಲಸ ಇರುವುದು ಇಲ್ಲಿ. 2023ರ ಕೊನೆಯಲ್ಲಿ ಮಂಜೂರಾದ ನಮೋ ಡ್ರೋನ್ ದೀದಿ ಯೋಜನೆ ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವಂಥದ್ದು. 10 ಲೀಟರಿನ ಡಬ್ಬಿ, ಹತ್ತು ನಿಮಿಷದೊಳಗೆ ಒಂದು ಎಕರೆ. ಆದರೆ ಲೆಕ್ಕ ತಪ್ಪುವುದೂ ಇಲ್ಲೇ. 200 ಲೀಟರಿನಲ್ಲಿ ಕರಗಬೇಕಾದ 2 ಕಿಲೋ ಪುಡಿಯನ್ನು ಡ್ರೋನಿನ 10 ಲೀಟರಿಗೆ ಸುರಿದರೆ ಮೂತಿ ಕಟ್ಟುತ್ತದೆ, ಕಟ್ಟದಿದ್ದರೆ ಎಲೆ ಸುಡುತ್ತದೆ. ಕೀಟನಾಶಕದ ಎಕರೆವಾರು ಪ್ರಮಾಣ ಡ್ರೋನಿಗೆ ಹೊಂದುತ್ತದೆ, ಪೋಷಕಾಂಶದ ಪುಡಿ ಹೊಂದುವುದಿಲ್ಲ. ಅದಕ್ಕೆ ಟ್ರ್ಯಾಕ್ಟರಿನ ಬೂಮ್ ಸ್ಪ್ರೇಯರೇ ವಾಸಿ. ಅದು ಓಡಾಡಲೆಂದೇ ನಾಟಿ ಮಾಡುವಾಗ ಅಲ್ಲಲ್ಲಿ ಒಂದು ಸಾಲು ಬಿಟ್ಟಿರುತ್ತಾರೆ.

ಬಿತ್ತಿದ ತೊಗರಿಯ ಹೊಲದ ತಗ್ಗಿನಲ್ಲಿ ಹತ್ತಾರು ಗಿಡ ನಿಂತಲ್ಲೇ ಒಣಗಿದ್ದವು. ಕಾಂಡದ ಸಿಪ್ಪೆ ಸುಲಿದರೆ ಕಂದು ಗೆರೆ, ಸೊರಗು ರೋಗ. ಒಂದೇ ಹೊಲಕ್ಕೆ ವರ್ಷ ವರ್ಷ ತೊಗರಿ ಹಾಕಿದ್ದರ ಫಲ. ಟಿಎಸ್-3ಆರ್‌ನಂಥ ತಡೆಯುವ ತಳಿ, ನಡುವೆ ಒಂದು ವರ್ಷ ಜೋಳ, ಬೀಜಕ್ಕೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ, ಇವು ಮೂರೂ ಕೂಡಿದರೆ ಹಿಡಿತಕ್ಕೆ ಬರುತ್ತದೆ.

ರಾತ್ರಿಯ ಮಳೆ ಇಲ್ಲಿಗೂ ಬಂದಿತ್ತು. ಕೊಯ್ದು ಗೂಡು ಹಾಕಿದ್ದವರು ತಾಡಪಾಲು ತೆಗೆದು ಹರವುತ್ತಿದ್ದರು. ಖರೀದಿ ಕೇಂದ್ರದಲ್ಲಿ ಕಾಳಿನ ತೇವ ನೂರಕ್ಕೆ 12ರೊಳಗಿರಬೇಕು. ತೋಯ್ದ ಕಾಯಿಯನ್ನು ಅವಸರದಲ್ಲಿ ರಾಶಿ ಯಂತ್ರಕ್ಕೆ ಹಾಕಿದರೆ ಕಾಳು ಜಜ್ಜುತ್ತದೆ. ಎರಡು ಬಿಸಿಲು ಕೊಟ್ಟು, ಕಾಯಿ ಅಲ್ಲಾಡಿಸಿದರೆ ಗಿಲಕಿ ಸದ್ದು ಬಂದ ಮೇಲೆ ಹಾಕಬೇಕು. ಬೀಜಕ್ಕೆ ಇಟ್ಟುಕೊಳ್ಳುವುದನ್ನು ನಾಟಿ ಹೊಲದ ನಡುಭಾಗದಿಂದ ಆರಿಸಿ, ಬೇರೆ ಬಡಿದು, ಆರಿದ ಮೇಲೆ ಗಾಳಿಯಾಡದ ಚೀಲಕ್ಕೆ ತುಂಬಿ ಬಾಯಿ ಬಿಗಿಯುವುದು ಇಲ್ಲಿನವರ ರೂಢಿ. ಗಾಳಿಯಿಲ್ಲದೆ ಹುಳ ಉಸಿರುಗಟ್ಟುತ್ತದೆ, ಮಾತ್ರೆ ಇಡುವ ಕೆಲಸವಿಲ್ಲ. ನಡುವೆ ಒಮ್ಮೆ ಬಾಯಿ ಬಿಚ್ಚಿದರೆ ಮಾತ್ರ ಮಾಡಿದ್ದೆಲ್ಲ ಹೋಯಿತು. ಆದ್ದರಿಂದ ಎಕರೆಗೆ ಬೇಕಾದಷ್ಟನ್ನೇ ಒಂದೊಂದು ಚೀಲಕ್ಕೆ ತುಂಬುತ್ತಾರೆ. ರೈಲಿಗೆ ಹೊತ್ತಾಗಿತ್ತು, ಕಲಬುರಗಿ ಇನ್ನೂ ಅರ್ಧ ತಾಸಿನ ದಾರಿ. ಹಬ್ಬದ ದಿನ ಊರೊಳಗಿನ ಖಾನಾವಳಿಗಳು ಬೇಗ ಮುಚ್ಚುತ್ತವೆ, ಹೊಲದಲ್ಲಿ ಕಟ್ಟಿಕೊಟ್ಟ ರೊಟ್ಟಿಯನ್ನು ಬೇಡವೆನ್ನಬೇಡಿ.